ಕೊನೆಯ ನೋಡ್‌ಗೆ ಕರೆಂಟ್ ಹೋದರೆ ಟರ್ಮಿನೇಶನ್ ಎಲ್ಲಿ? ಒಂದು ಕೋಲ್ಡ್ ಸ್ಟೋರೇಜ್‌ನ ಆರ್‌ಎಸ್-485 ಪ್ರಕರಣ

ಬ್ಯಾಡಗಿ ಸುತ್ತಮುತ್ತ ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳು ಬಹಳ. ಈ ಪ್ರಕರಣ ಅಂಥದ್ದೊಂದರಲ್ಲಿ ನಡೆದದ್ದು. ಕಟ್ಟಡ ಯಾವುದು, ಮಾಲೀಕರು ಯಾರು, ಉಪಕರಣ ಮಾಡಿಕೊಟ್ಟ ಬೆಂಗಳೂರಿನ ಸಣ್ಣ ಕಂಪನಿ ಯಾವುದು ಎಂಬುದನ್ನು ಹೇಳುವುದಿಲ್ಲ. ಗುರುತು ಸಿಗದಿರಲೆಂದು ಕೆಲವು ಅಳತೆಗಳನ್ನು ದುಂಡಗೆ ಮಾಡಿದ್ದೇನೆ, ಲೆಕ್ಕ ಕೆಡದಷ್ಟು ಮಾತ್ರ. ತೊಂದರೆ ಶುರುವಾದ ಮೇಲೆ ಹೊರಗಿನಿಂದ ಕರೆಸಿಕೊಂಡವನು ನಾನು.

ಹಿನ್ನೆಲೆ

ನಾಲ್ಕು ಮಹಡಿ. ಪ್ರತಿ ಮಹಡಿಯಲ್ಲೂ ಉಷ್ಣಾಂಶ, ತೇವಾಂಶ ಅಳೆಯುವ ಪುಟ್ಟ ಪೆಟ್ಟಿಗೆಗಳು (ನೋಡ್‌ಗಳು), ಒಟ್ಟು 26. ಇವೆಲ್ಲ ಎ, ಬಿ ಎಂಬ ಒಂದೇ ಜೋಡಿತಂತಿಯ ಮೇಲೆ, ಅಂದರೆ ಒಂದೇ ಬಸ್ ಮೇಲೆ, ಸಾಲಾಗಿ ಕೂತಿವೆ. ಕೇಬಲ್ ನೆಲಮಹಡಿಯ ಕಂಪ್ರೆಸರ್ ಪ್ಯಾನೆಲ್ ಕೋಣೆಯ ಗೇಟ್‌ವೇಯಿಂದ (ಎಲ್ಲ ನೋಡ್‌ಗಳನ್ನು ಕೇಳಿ ಮಾಹಿತಿ ಒಟ್ಟುಮಾಡುವ ಪೆಟ್ಟಿಗೆ) ಹೊರಟು ಮೇಲ್ಮಹಡಿಯ ಮೂಲೆಯಲ್ಲಿರುವ 26ನೇ ನೋಡ್‌ಗೆ ಮುಗಿಯುತ್ತದೆ. ಉದ್ದ 380 ಮೀಟರ್. ಅದೇ ಬಸ್ಸಿಗೆ ಕಂಪ್ರೆಸರ್ ಪ್ಯಾನೆಲ್‌ನ ಹಳೆಯ ಎನರ್ಜಿ ಮೀಟರೂ ಸೇರಿದೆ. ಮಾತುಕತೆ ಮಾಡ್‌ಬಸ್ ಆರ್‌ಟಿಯುನಲ್ಲಿ, ಅಂದರೆ ಗೇಟ್‌ವೇ ಕೇಳಿದಾಗ ಮಾತ್ರ ನೋಡ್ ಉತ್ತರ ಕೊಡುವ ಕ್ರಮದಲ್ಲಿ.

ಇಂಥ ಜೋಡಿತಂತಿಯ ಮೇಲೆ ಸಿಗ್ನಲ್ ಹೇಗಿರಬೇಕೆಂದು ಹೇಳುವ ಆರ್‌ಎಸ್-485 ಮಾನಕ ಬಂದದ್ದು 1983ರಲ್ಲಿ, ಈಗ ಎಲ್ಲರೂ ನೋಡುವ ಪರಿಷ್ಕೃತ ರೂಪ 1998ರದು. ಕೇಬಲ್‌ನ ಎರಡು ತುದಿಗೂ ಒಂದೊಂದು 120 ಓಮ್ ರೆಸಿಸ್ಟರ್ ಬೇಕು, ನಡುವೆ ಎಲ್ಲೂ ಬೇಡ. ಇದೇ ಟರ್ಮಿನೇಶನ್. ತುದಿ ತೆರೆದೇ ಇದ್ದರೆ, ಮುಚ್ಚಿದ ಕಾಲುವೆಯ ಕೊನೆಗೆ ಬಡಿದ ಅಲೆ ತಿರುಗಿ ಬರುವ ಹಾಗೆ, ಹೋದ ಸಿಗ್ನಲ್ ಹಿಂದಕ್ಕೆ ಬರುತ್ತದೆ. ಬೇಡದ ಕಡೆ ರೆಸಿಸ್ಟರ್ ಸೇರಿಸಿದರೆ ಸಿಗ್ನಲ್ ಕಳಿಸುವ ಡ್ರೈವರ್ ಮೇಲೆ ಹೊರೆ ಬಿದ್ದು ಸಿಗ್ನಲ್ ಎತ್ತರ ಇಳಿಯುತ್ತದೆ. ಮಾನಕದ ಪ್ರಕಾರ ಡ್ರೈವರ್ 54 ಓಮ್ ಹೊರೆಯ ಮೇಲೆ ಕನಿಷ್ಠ 1.5 ವೋಲ್ಟ್ ಕೊಡಬೇಕು, ಅದನ್ನು ಓದುವ ರಿಸೀವರ್ 200 ಮಿಲಿವೋಲ್ಟ್ ವ್ಯತ್ಯಾಸ ಕಂಡರೆ ಸಾಕು. ಆ 54ರ ಲೆಕ್ಕ ಶುರುವಾಗುವುದು ತುದಿಯ ಎರಡು 120 ಓಮ್ ರೆಸಿಸ್ಟರ್‌ಗಳು ಒಂದರ ಪಕ್ಕ ಒಂದು ಸೇರಿ ಆಗುವ 60 ಓಮ್‌ನಿಂದ. ಅದನ್ನು ಇನ್ನಷ್ಟು ಇಳಿಸುವುದು ಬಸ್ಸಿಗೆ ನೇತುಬಿದ್ದ ರಿಸೀವರ್‌ಗಳ ಭಾರ.

ಕಂಪನಿಯ ಹಳೆಯ ಬೋರ್ಡ್‌ನಲ್ಲಿ ಈ 120 ಓಮ್‌ಗೆ ಒಂದು ಜಂಪರ್ (ಹಾಕಿದರೆ ಸೇರಿಸುವ, ತೆಗೆದರೆ ಬಿಡಿಸುವ ಪುಟ್ಟ ಕೊಂಡಿ) ಇತ್ತು. ಕಾರ್ಖಾನೆಯಲ್ಲಿ ಟೆಸ್ಟ್ ಮಾಡುವವರು ಜಂಪರ್ ಹಾಕಿಯೇ ಕಳಿಸುತ್ತಿದ್ದರು, ಸೈಟಿನಲ್ಲಿ ತೆಗೆಯುವವರು ಯಾರೂ ಇಲ್ಲ. ಒಂದು ಕಡೆ ಐದು ಟರ್ಮಿನೇಶನ್, ಇನ್ನೊಂದು ಕಡೆ ಒಂದೂ ಇಲ್ಲ. ಸರಿಪಡಿಸಬೇಕೆಂದರೆ ಚಳಿಯ ಕೋಣೆಯಲ್ಲಿ, ಮೆಣಸಿನಕಾಯಿ ಘಾಟಿನ ನಡುವೆ, ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ಬಿಚ್ಚಬೇಕು. ಇದನ್ನು ಒಮ್ಮೆ ಮಾಡಿದವರಿಗೆ ಜಂಪರ್ ಎಂದರೆ ಯಾಕೆ ಸಿಟ್ಟು ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಹೊಸ ಬೋರ್ಡಿಗೆ ಅವರು ಟರ್ಮಿನೇಶನ್ ಒಳಗೇ ಇರುವ ಟ್ರಾನ್ಸೀವರ್ (ಡ್ರೈವರ್, ರಿಸೀವರ್ ಎರಡೂ ಇರುವ ಚಿಪ್) ಆರಿಸಿಕೊಂಡರು. ಈ ಬಗೆಯ ಚಿಪ್‌ಗಳು ಮಾರುಕಟ್ಟೆಗೆ ಬಂದು ವರ್ಷಗಳಾಗಿವೆ. ಲೀನಿಯರ್ ಟೆಕ್ನಾಲಜಿಯ ಎಲ್‌ಟಿಸಿ2859, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಚ್‌ವಿಡಿ1424 ಇದೇ ಜಾತಿಯವು. ಒಂದು ಪಿನ್ ಎತ್ತಿದರೆ ಎ-ಬಿ ತಂತಿಗಳ ನಡುವೆ 120 ಓಮ್ ಕೂರುತ್ತದೆ, ಇಳಿಸಿದರೆ ಬಿಟ್ಟುಕೊಳ್ಳುತ್ತದೆ. ಕೇಳಲು ಸುಲಭ, ಚಿಪ್ ಒಳಗೆ ಸುಲಭವಲ್ಲ. ಬಸ್‌ನ ವೋಲ್ಟೇಜ್ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಎಲ್ಲಿ ಅಲೆದರೂ ಆ ಸ್ವಿಚ್ ಆನ್ ಎಂದಾಗ ಆನ್, ಆಫ್ ಎಂದಾಗ ಪೂರ್ತಿ ಆಫ್ ಆಗಿರಬೇಕು. ಅದಕ್ಕಾಗಿ ಸ್ವಿಚ್ ಆಗಿ ದುಡಿಯುವ ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳ ಗೇಟನ್ನು (ಆನ್-ಆಫ್ ನಿರ್ಧರಿಸುವ ತುದಿ) ಚಿಪ್ ತನ್ನ ಸ್ವಂತ ಸಪ್ಲೈಯಿಂದಲೇ ಎತ್ತಿ ಹಿಡಿಯಬೇಕು. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣ ಅದರ ಮೇಲೇ ನಿಂತಿದೆ.

ಪಿನ್ ಮೈಕ್ರೋಕಂಟ್ರೋಲರ್‌ಗೆ ಸೇರಿತು, ಮೈಕ್ರೋಕಂಟ್ರೋಲರ್ ದೂರದಿಂದಲೇ ಬದಲಿಸಬಹುದಾದ ಒಂದು ಮಾಡ್‌ಬಸ್ ರಿಜಿಸ್ಟರ್‌ಗೆ. ಇನ್ನು ಮೊಬೈಲ್‌ನಲ್ಲಿ ಕೂತು ಕೊನೆಯ ನೋಡ್‌ನ ಟರ್ಮಿನೇಶನ್ ಆನ್ ಮಾಡಬಹುದು. ಕಂಪನಿಯವರು ಕರಪತ್ರದಲ್ಲಿ 'ಜಂಪರ್ ಬೇಡ' ಎಂದು ಅಚ್ಚು ಹಾಕಿಸಿಯೂ ಆಗಿತ್ತು.

ಇದರ ಜೊತೆಗೇ ಇನ್ನೊಂದು ಬದಲಾವಣೆ ಆಯಿತು, ಅದರ ಕಡೆ ಯಾರೂ ಗಮನ ಕೊಡಲಿಲ್ಲ. ಬಸ್ ಮೂಲಕವೇ ಫರ್ಮ್‌ವೇರ್ (ನೋಡ್ ಒಳಗಿನ ಪ್ರೋಗ್ರಾಂ) ಕಳಿಸಬೇಕೆಂದು ವೇಗವನ್ನು 9600ರಿಂದ 115200 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) ಏರಿಸಿದರು. ಸುಮಾರು 100 ಕಿಲೋಬೈಟ್‌ನ ಫೈಲು 9600ರಲ್ಲಿ ಒಂದು ನೋಡ್‌ಗೆ ಎರಡು ನಿಮಿಷದ ಹತ್ತಿರ ತಿನ್ನುತ್ತದೆ, 115200ರಲ್ಲಿ ಹತ್ತು ಸೆಕೆಂಡಿಗೆ ಮುಗಿಯುತ್ತದೆ. ಕಾರಣ ನ್ಯಾಯವಾದದ್ದೇ.

ತೊಂದರೆ ಮೂರು ಮುಖದಲ್ಲಿ ಕಾಣಿಸಿತು

ಮೊದಲನೆಯದು: ಕರೆಂಟ್ ಹೋದಾಗಲೆಲ್ಲ ಮೇಲಿನ ಎರಡು ಮಹಡಿಯ ನೋಡ್‌ಗಳು ಸುಮ್ಮನಾಗುತ್ತಿದ್ದವು. ಜನರೇಟರ್ ಶುರುವಾದೊಡನೆ ತಾವಾಗಿಯೇ ಮಾತಾಡುತ್ತಿದ್ದವು. ಉಷ್ಣಾಂಶ ಎಷ್ಟಿದೆಯೆಂದು ಮಾಲೀಕರಿಗೆ ಅತಿ ಬೇಕಾಗುವುದೇ ಕರೆಂಟ್ ಇಲ್ಲದಾಗ. ಅದೇ ಹೊತ್ತಿಗೆ 'ಸೆನ್ಸರ್ ಸಂಪರ್ಕ ಇಲ್ಲ' ಎಂಬ ಸಾಲು ಸಾಲು ಎಸ್‌ಎಂಎಸ್. ಅಲ್ಲಿಯ ಮ್ಯಾನೇಜರ್ ಬರಬರುತ್ತಾ ಆ ಎಸ್‌ಎಂಎಸ್‌ಗಳನ್ನು ಓದುವುದನ್ನೇ ಬಿಟ್ಟಿದ್ದರು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ನಷ್ಟ ಅದು.

ಎರಡನೆಯದು: ಫರ್ಮ್‌ವೇರ್ ಅಪ್‌ಡೇಟ್ 25 ನೋಡ್‌ಗಳಿಗೆ ಸಲೀಸಾಗಿ ಹೋಗಿ, 26ನೆಯದಕ್ಕೆ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಪ್ರತಿ ಸಲವೂ.

ಮೂರನೆಯದು: ಒಂದು ದಿನದಿಂದೀಚೆಗೆ ಎನರ್ಜಿ ಮೀಟರ್ ಉತ್ತರ ಕೊಡುವುದನ್ನು ನಿಲ್ಲಿಸಿತು. ಅದನ್ನು ಬೇರೆಯಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಚೆನ್ನಾಗಿಯೇ ಇದೆ.

ಈ ಮೂರನ್ನೂ ಕಂಪನಿಯಲ್ಲಿ ಮೂರು ಬೇರೆ ದೂರುಗಳಾಗಿ ಬರೆದುಕೊಂಡಿದ್ದರು, ಮೂರು ಬೇರೆ ಜನ ನೋಡುತ್ತಿದ್ದರು. ಮೊದಲನೆಯದಕ್ಕೆ 'ಸರ್ಜ್, ಅರ್ಥಿಂಗ್ ಸರಿಯಿಲ್ಲ' ಎಂದು ಹಣೆಪಟ್ಟಿ. ಎರಡನೆಯದಕ್ಕೆ 'ಬೋರ್ಡ್ ಹಾಳು'. ಮೂರನೆಯದಕ್ಕೆ 'ಮೀಟರ್ ನಮ್ಮದಲ್ಲ'.

ಏನೇನು ಮಾಡಿ ನೋಡಿದರು

ಅರ್ಥಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೀಲ್ಡನ್ನು ಒಂದು ಕಡೆ ಮಾತ್ರ ಭೂಮಿಗೆ ಕೊಟ್ಟರು, ಸರ್ಜ್ ಪ್ರೊಟೆಕ್ಟರ್ ಹಾಕಿದರು. ಅವು ಇರಬೇಕಾದವೇ, ಆದರೆ ದೂರು ಕದಲಲಿಲ್ಲ.

26ನೇ ನೋಡ್‌ನ ಬೋರ್ಡ್ ಬದಲಿಸಿದರು. ಹೊಸದಕ್ಕೂ ಅಪ್‌ಡೇಟ್ ಹತ್ತಲಿಲ್ಲ. ತೆಗೆದು ತಂದ ಬೋರ್ಡ್ ಬೆಂಗಳೂರಿನ ಮೇಜಿನ ಮೇಲೆ, ಎರಡು ಮೀಟರ್ ತಂತಿಯಲ್ಲಿ, ಎಷ್ಟು ಸಲ ಬೇಕಾದರೂ ಅಪ್‌ಡೇಟ್ ಆಗುತ್ತಿತ್ತು. ಇಲ್ಲಿ ತಂಡದ ಅತಿ ಕಿರಿಯ ಹುಡುಗಿಯೊಬ್ಬಳು ಹಿರಿಯರು ಬಿಟ್ಟ ಕೆಲಸ ಮಾಡಿದಳು. ತೆಗೆದು ತಂದ ಬೋರ್ಡನ್ನು ಅದೇ ಕಟ್ಟಡದ 9ನೇ ನೋಡ್‌ನ ಜಾಗದಲ್ಲಿ ಹಾಕಿಸಿದಳು. ಅಲ್ಲಿ ಅಪ್‌ಡೇಟ್ ಸಲೀಸು. ದೋಷ ಬೋರ್ಡಿನದಲ್ಲ, ಜಾಗದ್ದು ಎಂದು ಆ ದಿನವೇ ಖಚಿತವಾಯಿತು. ದೂರಿನ ಪಟ್ಟಿಯಲ್ಲಿ ಮಾತ್ರ ಅದು ಇನ್ನೂ ಕೆಲಕಾಲ 'ಬೋರ್ಡ್ ಹಾಳು' ಎಂದೇ ಉಳಿದಿತ್ತು.

ವೇಗವನ್ನು 19200ಕ್ಕೆ ಇಳಿಸಿ ನೋಡಿದರು. ಮೊದಲ ಎರಡು ದೂರುಗಳೂ ಮಾಯ! ಕಂಪನಿಯ ಮುಖ್ಯಸ್ಥರು 'ಹಾಗೇ ಬಿಟ್ಟುಬಿಡೋಣ' ಎಂದರು. ಈ ಮಾತಿಗೆ ನಾನು ಪೂರ್ತಿ ವಿರೋಧಿಯಲ್ಲ. ಅಳೆಯುವುದು ನಿಮಿಷಕ್ಕೊಮ್ಮೆ ಬದಲಾಗುವ ಉಷ್ಣಾಂಶವನ್ನು. ಅದಕ್ಕೆ 115200 ಯಾಕೆ ಬೇಕು? ಆದರೆ ವೇಗ ಇಳಿಸಿದರೆ ಗುಣವಾಗುತ್ತದೆ ಎಂಬುದೇ ಒಂದು ಸುಳಿವು. ಸಾಫ್ಟ್‌ವೇರ್ ತಪ್ಪಿಗೆ ಸಾಮಾನ್ಯವಾಗಿ ಬಾಡ್ ರೇಟ್ ಮದ್ದಾಗುವುದಿಲ್ಲ, ಕೇಬಲ್‌ನ ತಪ್ಪಿಗೆ ಆಗುತ್ತದೆ.

ಲೆಕ್ಕ ಹೀಗಿದೆ. ಇಂಥ ಕೇಬಲ್‌ನಲ್ಲಿ ಸಿಗ್ನಲ್ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 380 ಮೀಟರ್ ಹೋಗಲು 1.9 ಮೈಕ್ರೋಸೆಕೆಂಡ್, ಹೋಗಿ ಬರಲು 3.8. 9600ರಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತದೆ, ರಿಸೀವರ್ ಅದರ ನಡುವೆ, 52ರಲ್ಲಿ ನೋಡುತ್ತದೆ. ಅಷ್ಟರೊಳಗೆ ಪ್ರತಿಫಲನ ಹತ್ತು ಸಲ ಓಡಾಡಿ ಸತ್ತಿರುತ್ತದೆ. ಹಳೆಯ ಬೋರ್ಡ್‌ಗಳು ಟರ್ಮಿನೇಶನ್ ಹೇಗಿದ್ದರೂ ನಡೆದುಕೊಂಡು ಹೋಗಿದ್ದರ ಗುಟ್ಟು ಇದೇ. 115200ರಲ್ಲಿ ಬಿಟ್‌ನ ಉದ್ದ 8.7 ಮೈಕ್ರೋಸೆಕೆಂಡ್, ನಡು ಬಿಂದು 4.3. ತಿರುಗಿ ಬಂದ ಅಲೆ 3.8ಕ್ಕೆ ಬಂದು ನಿಲ್ಲುತ್ತದೆ, ಸರಿಯಾಗಿ ರಿಸೀವರ್ ಕಣ್ಣು ಬಿಡುವ ಹೊತ್ತಿಗೆ.

ಎಲೆಕ್ಟ್ರಿಷಿಯನ್ ಹಾಕಿದ ಮೂರನೆಯ ರೆಸಿಸ್ಟರ್

ಎನರ್ಜಿ ಮೀಟರ್‌ನ ಕಥೆ ಬಿಚ್ಚಿಕೊಂಡದ್ದು ಊರಿನ ಎಲೆಕ್ಟ್ರಿಷಿಯನ್ ಜೊತೆ ಚಹಾ ಕುಡಿಯುವಾಗ. ಬಸ್ ಕೆಲಸದಲ್ಲಿ ಪಳಗಿದ ಮನುಷ್ಯ. ಕರೆಂಟ್ ತೆಗೆದು, ಮಲ್ಟಿಮೀಟರ್‌ನಲ್ಲಿ ಎ-ಬಿ ನಡುವೆ ಓಮ್ ಅಳೆಯುವುದು ಅವರ ಪದ್ಧತಿ. 60 ಬಂದರೆ ಎರಡು ತುದಿಯೂ ಸರಿ. 120 ಬಂದರೆ ಒಂದು ಕಡೆ ಇಲ್ಲ. 40 ಬಂದರೆ ಯಾರೋ ಹೆಚ್ಚಿಗೆ ಹಾಕಿದ್ದಾರೆ. ಅರ್ಧ ನಿಮಿಷದ ಕೆಲಸ, ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೂ ಗೊತ್ತಿಲ್ಲ.

"ನಾ ನೋಡಿದಾಗ ಎರಡೂ ಕಡಿ ರೆಸಿಸ್ಟರ್ ಇದ್ದಿಲ್ರಿ ಸರ. ಅರವತ್ತು ಬರಬೇಕಿತ್ತು, ಸಾವಿರದ ಹತ್ತಿರ ತೋರಸ್ತು. ಅದಕ್ಕ ಪ್ಯಾನೆಲ್ ಕಡಿ ಒಂದು ಹಾಕಿ ಬಿಟ್ಟೇನ್ರಿ" ಎಂದರು.

ಅವರ ಮಲ್ಟಿಮೀಟರ್ ಸುಳ್ಳು ಹೇಳಲಿಲ್ಲ. ಕರೆಂಟ್ ತೆಗೆದ ಮೇಲೆ ಚಿಪ್‌ನ ಸ್ವಿಚ್ ಬಿಟ್ಟುಕೊಳ್ಳುತ್ತದೆ: ಗೇಟ್‌ವೇಯ ಚಿಪ್ ಒಳಗಿನ 120 ಓಮ್ ಕೂಡ ಇಲ್ಲ, 26ನೇ ನೋಡ್‌ನದೂ ಇಲ್ಲ. ಉಳಿದದ್ದು ಬಯಾಸ್ ರೆಸಿಸ್ಟರ್‌ಗಳು ಮತ್ತು ರಿಸೀವರ್‌ಗಳ ಹೊರೆ. ಅದನ್ನೇ ಮಲ್ಟಿಮೀಟರ್ ತೋರಿಸಿತು. ಕರೆಂಟ್ ಬಂದಾಗ ಚಿಪ್‌ಗಳ ಎರಡು ಟರ್ಮಿನೇಶನ್ ಎದ್ದು ಇವರ ಒಂದನ್ನು ಸೇರಿ ಮೂರಾದವು: 40 ಓಮ್.

ಗೇಟ್‌ವೇಯಲ್ಲಿ 5 ವೋಲ್ಟ್‌ಗೆ ಒಂದು, ಗ್ರೌಂಡ್‌ಗೆ ಒಂದು 560 ಓಮ್ ಬಯಾಸ್ ಇತ್ತು. ಬಸ್ ಮೇಲೆ ಯಾರೂ ಮಾತಾಡದಾಗ ಎ-ಬಿ ನಡುವೆ ಸ್ವಲ್ಪ ವೋಲ್ಟೇಜ್ ಉಳಿಸಿಕೊಳ್ಳುವುದು ಇದರ ಕೆಲಸ. 60 ಓಮ್ ಇದ್ದರೆ ಅದು 254 ಮಿಲಿವೋಲ್ಟ್, 40 ಓಮ್ ಆದರೆ 172. ಹೊಸ ಟ್ರಾನ್ಸೀವರ್‌ಗಳು ಸೊನ್ನೆ ವೋಲ್ಟನ್ನೂ 'ಖಾಲಿ ಬಸ್' ಎಂದೇ ಓದುತ್ತವೆ, ಅವಕ್ಕೆ ವ್ಯತ್ಯಾಸವಾಗಲಿಲ್ಲ. ಹಳೆಯ ಎನರ್ಜಿ ಮೀಟರ್‌ನ ರಿಸೀವರ್ 200ರ ಒಳಗೆ ಏನು ಓದುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಅದು ಖಾಲಿ ಬಸ್ಸಿನಲ್ಲೇ ಸ್ಟಾರ್ಟ್ ಬಿಟ್ (ಅಕ್ಷರ ಶುರುವಾಯಿತೆಂಬ ಗುರುತು) ಕಂಡು, ಇಲ್ಲದ ಅಕ್ಷರ ಓದುತ್ತಾ ಕೂತಿತ್ತು.

ಎಲೆಕ್ಟ್ರಿಷಿಯನ್ ಹಾಕಿದ್ದನ್ನು ತೆಗೆದರೆ ಎನರ್ಜಿ ಮೀಟರ್ ಸರಿ. ಕಂಪನಿಯವರ ಮೊದಲ ಪ್ರತಿಕ್ರಿಯೆ, ಇನ್ನು ಮುಂದೆ ಸೈಟಿನವರು ಬಸ್ ಮುಟ್ಟಬಾರದೆಂದು ಫಲಕ ಬರೆಸೋಣ ಎಂದು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಲವತ್ತು ವರ್ಷ ಎಲ್ಲರಿಗೂ ಒದಗಿದ ಪರೀಕ್ಷೆಯೊಂದು ನಮ್ಮ ಬೋರ್ಡ್ ಬಂದೊಡನೆ ಸುಳ್ಳಾಯಿತೆಂದರೆ, ಪ್ರಶ್ನೆ ಕೇಳಬೇಕಾದದ್ದು ಬೋರ್ಡನ್ನು. ಅಲ್ಲದೆ ಅವರ ಮಾತಿನಲ್ಲೇ ಉಳಿದೆರಡು ದೂರುಗಳ ಉತ್ತರವೂ ಇತ್ತು. ಕರೆಂಟ್ ತೆಗೆದರೆ ರೆಸಿಸ್ಟರ್ ಇಲ್ಲ.

ಸ್ಕೋಪ್ ಕಂಡದ್ದು

26ನೇ ನೋಡ್‌ಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಕೇಳಿದೆವು. ಹೆಚ್ಚಿನ ನೋಡ್‌ಗಳಿಗೆ ಬಸ್ ಕೇಬಲ್ ಜೊತೆಗೇ 24 ವೋಲ್ಟ್ ಹೋಗುತ್ತದೆ, ಅದು ಯುಪಿಎಸ್ ಮೇಲಿದೆ. ಆದರೆ ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆಂದು ಕೊನೆಯ ಮೂರು ನೋಡ್‌ಗಳಿಗೆ ಹತ್ತಿರದ ಪ್ಲಗ್‌ನಿಂದ ಅಡಾಪ್ಟರ್ ಕೊಟ್ಟಿದ್ದರು. ಆ ಪ್ಲಗ್ ಯುಪಿಎಸ್ ಮೇಲಿಲ್ಲ. ಕರೆಂಟ್ ಹೋದರೆ ಮೂರು ನೋಡ್ ಸಾಯುತ್ತವೆ, ಅದನ್ನು ಒಪ್ಪಿಕೊಂಡೇ ಹಾಗೆ ಮಾಡಿದ್ದರು. ಮೂರರ ಜೊತೆ ಎರಡು ಮಹಡಿ ಹೋಗುತ್ತವೆಂದು ಎಣಿಸಿರಲಿಲ್ಲ.

ಮೇಲ್ಮಹಡಿಯಲ್ಲಿ ಸ್ಕೋಪ್ (ಸಿಗ್ನಲ್‌ನ ಆಕಾರ ತೋರಿಸುವ ಉಪಕರಣ) ಇಟ್ಟು ಆ ಅಡಾಪ್ಟರ್ ಕಿತ್ತೆವು. ಚೌಕಾಕಾರವಾಗಿದ್ದ ಸಿಗ್ನಲ್ ಮೆಟ್ಟಿಲಾಯಿತು. ಅಂಚು ಬಂದೊಡನೆ ಮಾಮೂಲಿಗಿಂತ ಬಹಳ ಮೇಲಕ್ಕೆ ಜಿಗಿದು, ಸುಮಾರು 3.8 ಮೈಕ್ರೋಸೆಕೆಂಡ್ ಕಳೆದ ಮೇಲೆ ಕೆಳಗೆ ಬಿದ್ದು ರಿಸೀವರ್‌ನ ಗಡಿಯ ಹತ್ತಿರ ತೂಗಾಡಿ, ಮತ್ತೆ ಮೇಲೇರುತ್ತಿತ್ತು. ತೆರೆದ ತುದಿ ಅಲೆಯನ್ನು ಇದ್ದ ಹಾಗೇ ಹಿಂದೆ ಕಳಿಸುತ್ತದೆ. ಗೇಟ್‌ವೇಯ ಡ್ರೈವರ್ ಕಡಿಮೆ ಓಮ್‌ನದಾದ್ದರಿಂದ ಅದನ್ನು ತಲೆಕೆಳಗು ಮಾಡಿ ಮತ್ತೆ ಮೇಲಕ್ಕೆ ಅಟ್ಟುತ್ತದೆ. ಆ ತಲೆಕೆಳಗಾದ ಅಲೆ ಮೇಲ್ಮಹಡಿ ಮುಟ್ಟುವುದು ಬಿಟ್‌ನ ನಡುವಿಗೆ. ಗೇಟ್‌ವೇ ಪಕ್ಕದ ನೋಡ್‌ಗಳಲ್ಲಿ ವೋಲ್ಟೇಜನ್ನು ಡ್ರೈವರೇ ಹಿಡಿದಿರುತ್ತದೆ, ಹಾಗಾಗಿ ಕೆಳಗಿನ ಮಹಡಿಗಳು ಚೆನ್ನಾಗಿದ್ದವು. 'ಮೇಲೆ ಮಾತ್ರ ತೊಂದರೆ, ಅಂದರೆ ಮೇಲಿನ ಸಪ್ಲೈ ತೊಂದರೆ' ಎಂದು ಎಲ್ಲರೂ ಅಷ್ಟು ದಿನ ನಂಬಿದ್ದು ಇದರಿಂದಲೇ. ಅದು ಅರ್ಧ ನಿಜವೂ ಆಗಿತ್ತು.

ಅಪ್‌ಡೇಟ್ ದೂರಿಗೂ ಇದೇ ಬೇರು. ಅಪ್‌ಡೇಟ್ ಶುರುವಾದಾಗ ನೋಡ್ ತನ್ನ ಮುಖ್ಯ ಪ್ರೋಗ್ರಾಂ ಬಿಟ್ಟು, ಹೊಸದನ್ನು ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂ ಆದ ಬೂಟ್‌ಲೋಡರ್‌ಗೆ ಜಾರುತ್ತದೆ. ಬೂಟ್‌ಲೋಡರ್ ಬರೆದದ್ದು ಹಳೆಯ ಬೋರ್ಡಿನ ಕಾಲದಲ್ಲಿ, ಟರ್ಮಿನೇಶನ್ ಪಿನ್ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಪಿನ್ ಪುಲ್‌ಡೌನ್‌ನಿಂದ (ಅದನ್ನು ಗ್ರೌಂಡ್‌ಗೆ ಎಳೆಯುವ ರೆಸಿಸ್ಟರ್) ಕೆಳಗೆ ಬೀಳುತ್ತದೆ, ಟರ್ಮಿನೇಶನ್ ಬಿಡುತ್ತದೆ. ಅಪ್‌ಡೇಟ್ ಸ್ವೀಕರಿಸಬೇಕಾದ ನೋಡ್ ತನ್ನ ಕಾಲ ಕೆಳಗಿನ ಬಸ್ಸನ್ನೇ ಕೆಡಿಸಿಕೊಂಡು, ಬಂದ ಪ್ಯಾಕೆಟ್‌ಗಳ ಸಿಆರ್‌ಸಿ (ದೋಷ ಹಿಡಿಯುವ ತಾಳೆಸಂಖ್ಯೆ) ತಪ್ಪೆಂದು ಎಸೆಯುತ್ತಾ ಕೂರುತ್ತಿತ್ತು. ಟರ್ಮಿನೇಶನ್ ಆನ್ ಇರುವ ನೋಡ್ ಅದೊಂದೇ ಆದ್ದರಿಂದ ಉಳಿದ 25ಕ್ಕೆ ಈ ರೋಗವಿಲ್ಲ. ಎರಡು ಮೀಟರ್ ತಂತಿಯ ಮೇಜಿನ ಮೇಲಂತೂ ಇದು ಕಾಣುವ ಸಾಧ್ಯತೆಯೇ ಇಲ್ಲ.

ಯಾವ ದಾರಿ ಹಿಡಿಯುವುದು

ಫರ್ಮ್‌ವೇರ್ ತಂಡ ಬೂಟ್‌ಲೋಡರ್ ತಿದ್ದಿದರೆ ಸಾಕೆಂದಿತು. ಪ್ರೋಗ್ರಾಂ ಎದ್ದೊಡನೆ, ಬೇರೆ ಯಾವ ಕೆಲಸಕ್ಕೂ ಮೊದಲು ಪಿನ್ ಎತ್ತುವುದು. ಅಪ್‌ಡೇಟ್ ದೂರಿಗೆ ಅದು ಮದ್ದು ಹೌದು, ಕರೆಂಟ್ ಹೋದಾಗಿನದಕ್ಕೆ ಅಲ್ಲ. ಹಾರ್ಡ್‌ವೇರ್ ಕಡೆಯವರು ಪುಲ್‌ಡೌನ್ ಬದಲು ಪುಲ್‌ಅಪ್ ಹಾಕೋಣ, ಸುಮ್ಮನಿದ್ದರೆ ಟರ್ಮಿನೇಶನ್ ಆನ್ ಇರಲಿ ಎಂದರು. ಸಪ್ಲೈಯೇ ಇಲ್ಲದ ಚಿಪ್‌ಗೆ ಪುಲ್‌ಅಪ್ ಯಾವ ವೋಲ್ಟೇಜಿಗೆ? ಅದಲ್ಲದೆ 26 ನೋಡ್‌ಗಳೂ ಒಟ್ಟಿಗೆ ಎದ್ದಾಗ 26 ಟರ್ಮಿನೇಶನ್ ಒಂದರ ಪಕ್ಕ ಒಂದು ಸೇರಿದರೆ ಐದು ಓಮ್‌ಗೂ ಕಡಿಮೆ, ಬಸ್ ಏಳುವುದೇ ಇಲ್ಲ.

ಲ್ಯಾಚಿಂಗ್ ರಿಲೇ ಬಗ್ಗೆ ಗಂಭೀರವಾಗಿ ಯೋಚಿಸಿದರು. ವಿದ್ಯುತ್ ಹೋದರೂ ಅದು ಇದ್ದ ಸ್ಥಿತಿಯಲ್ಲೇ ಇರುತ್ತದೆ, ಮೊಬೈಲ್‌ನಿಂದ ಬದಲಿಸಲೂ ಬರುತ್ತದೆ. ತಾಂತ್ರಿಕವಾಗಿ ಸರಿಯಾದ ಉತ್ತರ. ಆದರೆ ಪ್ರತಿ ಬೋರ್ಡ್‌ಗೂ ರಿಲೇ ಹಾಕಬೇಕು, ಕೆಲಸಕ್ಕೆ ಬರುವುದು ಎರಡರಲ್ಲಿ ಮಾತ್ರ.

ಯುಪಿಎಸ್ ಲೈನನ್ನು ಮೇಲ್ಮಹಡಿಗೆ ಎಳೆಯುವುದು ಇನ್ನೊಂದು ದಾರಿ. ಮಾಲೀಕರು ಒಪ್ಪಿದರು, ಎಳೆದರು ಕೂಡ. ಇಷ್ಟಾದರೆ ಈ ಕಟ್ಟಡದ ಮಟ್ಟಿಗೆ ಸಾಕಿತ್ತು. ನಾನು ಹಟ ಹಿಡಿದದ್ದು ಇಲ್ಲಿ. ಅಡಾಪ್ಟರ್ ಕೆಡಬಹುದು, ರಿಪೇರಿಗೆಂದು ಯಾರಾದರೂ ಆ ಬೋರ್ಡನ್ನೇ ಬಿಚ್ಚಿಕೊಂಡು ಹೋಗಬಹುದು, ಫರ್ಮ್‌ವೇರ್ ಸಿಕ್ಕಿಕೊಂಡು ವಾಚ್‌ಡಾಗ್ (ಕಾವಲು ಟೈಮರ್) ರೀಸೆಟ್ ಮಾಡಬಹುದು. ಈ ಪ್ರತಿಯೊಂದಕ್ಕೂ ಎರಡು ಮಹಡಿ ಬೆಲೆ ತೆರಬೇಕೆ? ಟರ್ಮಿನೇಶನ್ ಕೇಬಲ್‌ನ ತುದಿಗೆ ಸೇರಿದ್ದು. ಆ ತುದಿಯಲ್ಲಿ ಇವತ್ತು ಯಾವ ಪೆಟ್ಟಿಗೆ ಕೂತಿದೆ, ಅದು ಬದುಕಿದೆಯೋ ಇಲ್ಲವೋ ಎಂಬುದರ ಹಂಗು ಅದಕ್ಕಿರಬಾರದು.

ಚರ್ಚೆ ಬಿಸಿಯೇ ಆಯಿತು. 'ಜಂಪರ್ ಬೇಡ ಎಂದು ಅಚ್ಚು ಹಾಕಿಸಿದ್ದೇವಲ್ಲ' ಎಂಬ ಮಾತು ಓಮ್, ವೋಲ್ಟ್‌ಗಳಿಗಿಂತ ಹೆಚ್ಚು ತೂಗಿತು. ಕೊನೆಗೆ ಒಪ್ಪಿಕೊಂಡದ್ದು ಸರಳವಾದದ್ದು. ಬೋರ್ಡಿನೊಳಗೆ ಏನೂ ಇಲ್ಲ. ಕೇಬಲ್‌ನ ಎರಡೂ ತುದಿಯ ಕನೆಕ್ಟರ್‌ಗೇ ಸಿಕ್ಕಿಸುವ, ಒಳಗೆ 120 ಓಮ್ ರೆಸಿಸ್ಟರ್ ಇರುವ ಕೆಂಪು ಪ್ಲಗ್. ಮುಚ್ಚಳ ಬಿಚ್ಚಬೇಕಿಲ್ಲ, ನೆಲದಲ್ಲಿ ನಿಂತೇ ಕಣ್ಣಿಗೆ ಬೀಳುತ್ತದೆ. ಜಂಪರೂ ಅಲ್ಲ, ಕರಪತ್ರವೂ ಉಳಿಯಿತು!

ಚಿಪ್ ಮಾತ್ರ ಬದಲಾಗಲಿಲ್ಲ. ಅದಕ್ಕೊಂದು ಬೇರೆ ಕೆಲಸ ಸಿಕ್ಕಿತು, ನನಗೆ ಈ ಪ್ರಕರಣದಲ್ಲಿ ಇಷ್ಟವಾದ ಭಾಗ ಅದು. ದೊಡ್ಡ ಕಟ್ಟಡಗಳಲ್ಲಿ ವೈರಿಂಗ್ ಮಹಡಿ ಮಹಡಿಯಾಗಿ ನಡೆಯುತ್ತದೆ, ಕೇಬಲ್‌ನ ತುದಿ ವಾರ ವಾರಕ್ಕೂ ಜಾಗ ಬದಲಿಸುತ್ತದೆ. ಆ ಅವಧಿಯಲ್ಲಿ ಅಂದಿನ ಕೊನೆಯ ನೋಡ್‌ನ ಟರ್ಮಿನೇಶನ್ ಮೊಬೈಲ್‌ನಿಂದ ಆನ್ ಮಾಡಿಕೊಳ್ಳುತ್ತಾರೆ. ಕೆಲಸ ಮುಗಿದಾಗ ಕೆಂಪು ಪ್ಲಗ್ ಸಿಕ್ಕಿಸಿ, ಎಲ್ಲ ನೋಡ್‌ಗಳ ರಿಜಿಸ್ಟರ್ ಸೊನ್ನೆ ಮಾಡುತ್ತಾರೆ. ಗೇಟ್‌ವೇ ಈಗ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತದೆ. ರಾತ್ರಿ ಒಮ್ಮೆ ಕೊನೆಯ ನೋಡ್‌ಗೆ ಟರ್ಮಿನೇಶನ್ ಆನ್ ಮಾಡಿ, ಆಫ್ ಮಾಡಿ, ಎರಡು ಸ್ಥಿತಿಯಲ್ಲೂ ಸಿಆರ್‌ಸಿ ತಪ್ಪುಗಳನ್ನು ಎಣಿಸುತ್ತದೆ. ಆನ್ ಮಾಡಿದಾಗ ತಪ್ಪು ಕಡಿಮೆಯಾದರೆ ಕೆಂಪು ಪ್ಲಗ್ ಕಳಚಿದೆ ಎಂದರ್ಥ.

ಏನಾಯಿತು

ಈ ಕಟ್ಟಡದಲ್ಲಿ 115200ರಲ್ಲೇ ಬಸ್ ನಡೆಯುತ್ತಿದೆ. ಮೇಲ್ಮಹಡಿಯ ನೋಡ್ ಅನ್ನು ಬೇಕೆಂದೇ ಆಫ್ ಮಾಡಿ ನೋಡಿದಾಗ ಅದೊಂದೇ ಸುಮ್ಮನಾಯಿತು, ನೆರೆಯವು ಮಾತಾಡುತ್ತಲೇ ಇದ್ದವು. ತಿದ್ದಿದ ಬೂಟ್‌ಲೋಡರನ್ನು 26ನೇ ನೋಡ್‌ಗೆ ಬಸ್ ಮೂಲಕವೇ ಕಳಿಸಿದರು. ಕರೆಂಟ್ ತೆಗೆದು ಮಲ್ಟಿಮೀಟರ್ ಹಿಡಿದರೆ 58 ತೋರಿಸುತ್ತದೆ. ಎಸ್‌ಎಂಎಸ್‌ಗಳನ್ನು ಮ್ಯಾನೇಜರ್ ಮತ್ತೆ ಓದಲು ಶುರು ಮಾಡಿದರೇ ಎಂದು ಕೇಳಿದೆ. ಕರೆಂಟ್ ಹೋದಾಗಿನದನ್ನು ಓದುತ್ತೇನೆ, ಉಳಿದದ್ದು ಇನ್ನೂ ಇಲ್ಲ ಎಂದರು.

ಇದೇ ಹೊಸ ಬೋರ್ಡ್ ಹಾಕಿದ ಬೇರೆ ಸೈಟ್‌ಗಳಲ್ಲಿ ಕಂಪನಿಯವರು ಮೊದಲು ಹುಡುಕಿದ್ದು ಟರ್ಮಿನೇಶನ್ ಯಾವ ನೋಡ್‌ನಲ್ಲಿದೆ ಎಂದಲ್ಲ, ಆ ನೋಡ್‌ನ ಅಡಾಪ್ಟರ್ ಯಾವ ಪ್ಲಗ್‌ನಲ್ಲಿದೆ ಎಂದು. 115200ರಲ್ಲಿರುವ, ಉದ್ದ ಕೇಬಲ್‌ನ ಸೈಟ್‌ಗಳಿಗೆ ಕೆಂಪು ಪ್ಲಗ್ ಕಳಿಸಿದ್ದಾರೆ. 9600ರಲ್ಲೇ ಉಳಿದ ಹಳೆಯ ಸೈಟ್‌ಗಳಲ್ಲಿ, ಜಂಪರ್‌ಗಳು ಹೇಗಿದ್ದವೋ ಹಾಗೇ ಬಿಟ್ಟಿದ್ದಾರೆ. ಅಲ್ಲಿ ಏಣಿ ಹತ್ತುವ ಅಗತ್ಯ ನನಗೂ ಕಾಣಲಿಲ್ಲ.